ಸ್ವಂತ ಮನೆಯಲ್ಲಿ, ಸ್ವಂತ ಇಚ್ಛೆಯಂತೆ: ಇಂಗ್ಲೆಂಡಿನ ಕೌನ್ಸಿಲ್‌ಗಳ ಆರೈಕೆ ವ್ಯವಸ್ಥೆ

ಕೇಳುಗರಿಗೆ ನಮಸ್ಕಾರ.

ಕರ್ನಾಟಕದಿಂದ 1960 ಮತ್ತು 70ರ ದಶಕಗಳಲ್ಲಿ ವೈದ್ಯರಾಗಿ ಇಂಗ್ಲೆಂಡಿಗೆ ಹೋದವರು ಈಗ ಎಂಬತ್ತರ ಆಸುಪಾಸಿನಲ್ಲಿದ್ದಾರೆ. ಮಕ್ಕಳು ಬೇರೆ ಊರುಗಳಲ್ಲಿ, ಕೆಲವರು ಬೇರೆ ದೇಶಗಳಲ್ಲಿ ನೆಲೆಸಿದ್ದಾರೆ. ಇಲ್ಲಿರುವ ನೆಂಟರಿಷ್ಟರು ಫೋನಿನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆ, ‘ಅಲ್ಲಿ ನಿಮ್ಮನ್ನು ನೋಡಿಕೊಳ್ಳುವವರು ಯಾರು?’ ಎಂಬುದು. ಅದಕ್ಕೆ ಉತ್ತರದ ಒಂದು ದೊಡ್ಡ ಭಾಗ ಅಲ್ಲಿನ ಸ್ಥಳೀಯ ಆಡಳಿತದಲ್ಲಿದೆ. ರಸ್ತೆಗಳನ್ನೂ ಗ್ರಂಥಾಲಯಗಳನ್ನೂ ನೋಡಿಕೊಳ್ಳುವ ಕೌನ್ಸಿಲ್‌ಗಳೇ ವೃದ್ಧರ ಮತ್ತು ಅಂಗವಿಕಲರ ದಿನನಿತ್ಯದ ಆರೈಕೆಯ ಹೊಣೆಯನ್ನೂ ಹೊತ್ತಿವೆ. ಇಂಗ್ಲೆಂಡಿನಲ್ಲಿ ಇಂಥ ಹೊಣೆಯುಳ್ಳ ಕೌನ್ಸಿಲ್‌ಗಳು 153 ಇವೆ. ಆಸ್ಪತ್ರೆ, ವೈದ್ಯರು, ಶಸ್ತ್ರಚಿಕಿತ್ಸೆ ಇವೆಲ್ಲ ರಾಷ್ಟ್ರೀಯ ಆರೋಗ್ಯ ಸೇವೆಗೆ, ಅಂದರೆ ಎನ್.ಎಚ್.ಎಸ್.ಗೆ ಸೇರಿದ್ದು, ಅದು ರೋಗಿಯಿಂದ ಹಣ ಕೇಳುವುದಿಲ್ಲ. ಆದರೆ ಎಬ್ಬಿಸಿ ಕೂರಿಸುವುದು, ಸ್ನಾನ ಮಾಡಿಸುವುದು, ಊಟಕ್ಕೆ ಅಣಿ ಮಾಡುವುದು, ಮನೆಯನ್ನೇ ದೇಹಕ್ಕೆ ಒಗ್ಗುವಂತೆ ಬದಲಾಯಿಸಿಕೊಡುವುದು ಕೌನ್ಸಿಲ್ಲಿನ ಕೆಲಸ, ಮತ್ತು ಅಲ್ಲಿ ಹಣದ ಲೆಕ್ಕಾಚಾರ ಉಂಟು. ಈ ವ್ಯತ್ಯಾಸ ತಿಳಿಯದೆ ಕಷ್ಟಕ್ಕೆ ಸಿಕ್ಕಿದ ಕುಟುಂಬಗಳು ಬಹಳ.

ಈ ವ್ಯವಸ್ಥೆ ಕೇವಲ ದಯೆಯಿಂದ ಹುಟ್ಟಿದ್ದಲ್ಲ. 1948ರ ಜುಲೈ 5ರಂದು, ಎನ್.ಎಚ್.ಎಸ್. ಆರಂಭವಾದ ದಿನವೇ, ರಾಷ್ಟ್ರೀಯ ನೆರವು ಕಾಯಿದೆಯೂ ಜಾರಿಗೆ ಬಂದು, ನಿರ್ಗತಿಕರ ನೆರವಿಗೆಂದಿದ್ದ, ಶತಮಾನಗಳಷ್ಟು ಹಳೆಯದಾದ ಬಡವರ ಕಾನೂನನ್ನು ಕೊನೆಗಾಣಿಸಿತು. ಆದರೆ ಆ ಕಾಯಿದೆಯ ಅಡಿಯಲ್ಲಿ ಅಶಕ್ತರಿಗೆ ಹೆಚ್ಚಾಗಿ ದೊರೆತದ್ದು ಆಶ್ರಮದಂಥ ವಸತಿಗೃಹಗಳಲ್ಲಿ ಒಂದು ಹಾಸಿಗೆ. ಯಾವಾಗ ಏಳಬೇಕು, ಯಾವಾಗ ಮಲಗಬೇಕು, ಯಾರು ನೋಡಲು ಬರಬಹುದು ಎಂಬುದೆಲ್ಲವನ್ನೂ ನಿರ್ಧರಿಸುತ್ತಿದ್ದವರು ಅಲ್ಲಿನ ಮೇಲ್ವಿಚಾರಕರು. ಇದನ್ನು ಪ್ರಶ್ನಿಸಿದವರು ಆ ಗೃಹಗಳ ಒಳಗಿದ್ದವರೇ. ಹ್ಯಾಂಪ್‌ಶೈರ್ ಪ್ರಾಂತ್ಯದ ಲೆ ಕೋರ್ಟ್ ಎಂಬ ಚೆಶೈರ್ ಹೋಮಿನಲ್ಲಿ, ಅಂದರೆ ಅಂಗವಿಕಲರ ವಸತಿಗೃಹದಲ್ಲಿ, ವರ್ಷಗಟ್ಟಲೆ ವಾಸವಾಗಿದ್ದ ಪಾಲ್ ಹಂಟ್, 1972ರ ಸೆಪ್ಟೆಂಬರಿನಲ್ಲಿ ಗಾರ್ಡಿಯನ್ ಪತ್ರಿಕೆಗೆ ಒಂದು ಕಾಗದ ಬರೆದು, ಇಂಥ ಬಂಧನದಿಂದ ಹೊರಬರಲು ಅಂಗವಿಕಲರೇ ಸಂಘಟಿತರಾಗಬೇಕೆಂದು ಕರೆಕೊಟ್ಟರು. ಚೆಶೈರ್ ಹೋಂ ಎಂಬ ಹೆಸರು ಬೆಂಗಳೂರಿನವರಿಗೂ ಹೊಸದಲ್ಲ; ಆ ಸರಣಿಯ ಒಂದು ಗೃಹ ಇಲ್ಲಿಯೂ ಇದೆ.

ಹಂಟ್ 1979ರಲ್ಲಿ ತೀರಿಕೊಂಡರು. ಅದೇ ಕಾಲಕ್ಕೆ ಲೆ ಕೋರ್ಟಿನ ಇನ್ನು ಕೆಲವರು, ಜಾನ್ ಇವಾನ್ಸ್ ಮೊದಲಾದವರು, ‘ಪ್ರಾಜೆಕ್ಟ್ 81’ ಎಂಬ ಯೋಜನೆ ಹೂಡಿದರು. 1981 ಅಂತಾರಾಷ್ಟ್ರೀಯ ಅಂಗವಿಕಲರ ವರ್ಷವಾಗಿತ್ತು. ತಮ್ಮನ್ನು ಗೃಹದಲ್ಲಿಡಲು ಕೌನ್ಸಿಲ್ ಖರ್ಚು ಮಾಡುತ್ತಿರುವ ಹಣವನ್ನೇ ತಮ್ಮ ಕೈಗೆ ಕೊಟ್ಟರೆ, ಊರಿನೊಳಗೆ ಮನೆ ಮಾಡಿ, ಬೇಕಾದ ಸಹಾಯಕರನ್ನು ತಾವೇ ನೇಮಿಸಿಕೊಂಡು ಬದುಕುತ್ತೇವೆ ಎಂಬುದು ಅವರ ವಾದ. ಹಾಗೆ ನೇರವಾಗಿ ಹಣ ಕೊಡಲು ಆಗಿನ ಕಾನೂನಿನಲ್ಲಿ ಅವಕಾಶವಿರಲಿಲ್ಲವಾದ್ದರಿಂದ, ಬೇರೆಯವರ ಮೂಲಕ ಹಣ ಹಾಯಿಸುವ ಸುತ್ತುದಾರಿ ಹಿಡಿಯಬೇಕಾಯಿತು. ನೇರ ಪಾವತಿಗೆ ಕಾಯಿದೆ ಬಂದದ್ದು 1996ರಲ್ಲಿ. ವೃದ್ಧರಿಗೂ ಅದು ವಿಸ್ತರಿಸಿದ್ದು 2000ದಲ್ಲಿ. ‘ಸ್ವತಂತ್ರ ಬದುಕು’ ಎಂದು ಇವರು ಹೇಳಿದ ಮಾತಿಗೆ ಎಲ್ಲವನ್ನೂ ತಾನೇ ಮಾಡಿಕೊಳ್ಳುವುದು ಎಂಬ ಅರ್ಥ ಇರಲಿಲ್ಲ. ಕತ್ತಿನಿಂದ ಕೆಳಗೆ ಅಲುಗಾಡಲಾಗದವನೂ ಇವತ್ತು ಯಾವ ಅಂಗಿ, ಯಾವ ಹೊತ್ತಿಗೆ ಊಟ, ಸಂಜೆ ಎಲ್ಲಿಗೆ ಎಂದು ತಾನೇ ನಿರ್ಧರಿಸುವಂತಿದ್ದರೆ ಅವನು ಸ್ವತಂತ್ರನೇ ಎಂಬುದು ಅವರ ನಿಲುವು. ಇಂದು ಆರೈಕೆಯ ಬಗ್ಗೆ ಮಾತನಾಡುವ ಯಾರೇ ಆಗಲಿ ಈ ನಿಲುವಿನಿಂದಲೇ ಆರಂಭಿಸಬೇಕೆಂದು ನಾನು ನಂಬಿದ್ದೇನೆ.

ಈಗಿರುವ ಮುಖ್ಯ ಕಾನೂನು 2014ರ ಕೇರ್ ಆಕ್ಟ್. 2015ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವ್ಯಕ್ತಿಯ ಯೋಗಕ್ಷೇಮವನ್ನು ಹೆಚ್ಚಿಸುವುದು ಕೌನ್ಸಿಲ್ಲಿನ ಕರ್ತವ್ಯವೆಂದು ಅದರ ಮೊದಲನೆಯ ವಿಧಿಯೇ ಹೇಳುತ್ತದೆ. ಆರೈಕೆ ಬೇಕಾಗಬಹುದೆಂದು ತೋರುವ ಯಾವ ವಯಸ್ಕರಿಗೇ ಆದರೂ ಅವರ ಅಗತ್ಯಗಳ ಮೌಲ್ಯಮಾಪನವನ್ನು ಕೌನ್ಸಿಲ್ ಉಚಿತವಾಗಿ ಮಾಡಲೇಬೇಕು. ಅವರ ಬಳಿ ಎಷ್ಟು ಹಣವಿದೆ ಎಂಬುದು ಆ ಹಂತದಲ್ಲಿ ಅಡ್ಡಬರಕೂಡದು. ಅಡುಗೆ ಮತ್ತು ಆಹಾರ, ಮೈ ಶುಚಿ, ಶೌಚ, ಬಟ್ಟೆ, ಮನೆಯೊಳಗೆ ಅಪಾಯವಿಲ್ಲದೆ ಓಡಾಡುವುದು, ನೆಂಟರು ಗೆಳೆಯರ ಒಡನಾಟ ಉಳಿಸಿಕೊಳ್ಳುವುದು, ಉದ್ಯೋಗ ಅಥವಾ ಕಲಿಕೆ ಮುಂತಾದ ಹತ್ತು ವಿಷಯಗಳಲ್ಲಿ ಎರಡು ಅಥವಾ ಹೆಚ್ಚಿನವು ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಸಾಧ್ಯವಾಗದೆ, ಅದರಿಂದ ಬದುಕಿಗೆ ಗಣನೀಯವಾದ ತೊಂದರೆಯಾಗುತ್ತಿದ್ದರೆ ಅವರು ನೆರವಿಗೆ ಅರ್ಹರು. ಒಡನಾಟವನ್ನೂ ಉದ್ಯೋಗವನ್ನೂ ಊಟ ಮತ್ತು ಸ್ನಾನದ ಸಾಲಿನಲ್ಲಿಯೇ ಇಟ್ಟಿರುವುದನ್ನು ಗಮನಿಸಬೇಕು.

ಕಾನೂನಿನ ಮಾತು ಮನೆಯೊಳಗೆ ಹೇಗೆ ಇಳಿಯುತ್ತದೆ ಎಂಬುದನ್ನು ನಾನು ಕಂಡದ್ದು ನಮ್ಮ ಸೋದರತ್ತೆಯ ಮನೆಯಲ್ಲಿ. ಧಾರವಾಡದ ಕಡೆಯ ಹೆಣ್ಣುಮಗಳು, ಇಂಗ್ಲೆಂಡಿನ ನಡುಭಾಗದ ಒಂದು ಊರಿನಲ್ಲಿ ಮದುವೆಯಾದಾಗಿನಿಂದ ಇರುವವರು. ಜಾರಿಬಿದ್ದು ಸೊಂಟದ ಮೂಳೆ ಮುರಿದು, ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದಾಗ ಕೌನ್ಸಿಲ್ಲಿನಿಂದ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ನೆರವಾಗುವ ತಜ್ಞೆ, ಬಂದರು. ಆಕೆ ಪ್ರಶ್ನೆಗಳ ಪಟ್ಟಿ ತೆಗೆಯಲಿಲ್ಲ. ‘ಒಂದು ಕಪ್ ಚಹಾ ಮಾಡಿ ತೋರಿಸುತ್ತೀರಾ?’ ಎಂದು ಕೇಳಿ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಅತ್ತೆ ಕೆಟಲ್ ಎತ್ತುವಾಗ ಯಾವ ಕೈ ನಡುಗುತ್ತದೆ, ಸಕ್ಕರೆ ಡಬ್ಬಿಗೆ ಕೈಚಾಚಿದಾಗ ಯಾವ ಕಾಲಿನ ಮೇಲೆ ಭಾರ ಬೀಳುತ್ತದೆ, ಆಸರೆಗೆ ಏನನ್ನು ಹಿಡಿಯುತ್ತಾರೆ ಎಂಬುದನ್ನೆಲ್ಲ ನೋಡಿದರು. ಆಮೇಲೆ ಟೇಪು ಹಿಡಿದು ಕುರ್ಚಿಯ, ಮಂಚದ, ಕಮೋಡಿನ ಎತ್ತರ ಅಳೆದರು. ನಿತ್ಯ ಏನು ಅಡುಗೆ ಮಾಡುತ್ತೀರಿ ಎಂದು ಕೇಳಿದಾಗ ಅತ್ತೆ ಚಪಾತಿ ಲಟ್ಟಿಸುವ ಬಗೆಯನ್ನು ತೋರಿಸಿದರು. ಅಷ್ಟು ಹೊತ್ತು ನಿಲ್ಲಲಾಗದ ಕಾರಣ ಕಟ್ಟೆಯ ಮುಂದೆ ಒರಗಿ ಕೂರುವಂಥ, ಮುಂದಕ್ಕೆ ಸ್ವಲ್ಪ ಇಳಿಜಾರಾದ ಎತ್ತರದ ಸ್ಟೂಲೊಂದು ಮಂಜೂರಾಯಿತು.

ಸ್ನಾನದ್ದು ಇನ್ನೂ ದೊಡ್ಡ ತೊಡಕು. ಅಲ್ಲಿನ ಹಳೆಯ ಮನೆಗಳಲ್ಲಿ ಬಚ್ಚಲು ಮಹಡಿಯ ಮೇಲೆ, ಒಳಗೆ ಎತ್ತರದ ಅಂಚಿನ ಸ್ನಾನದ ತೊಟ್ಟಿ. ಅದರೊಳಗೆ ಕಾಲಿಡುವ ಧೈರ್ಯವಿಲ್ಲದೆ ಅತ್ತೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುತ್ತಿದ್ದರು. ಮೈಮೇಲೆ ನೀರು ಬೀಳದೆ ದೇವರ ಮುಂದೆ ಕೂರುವುದು ಅವರಿಗೆ ಒಗ್ಗದ ಮಾತು, ಆದ್ದರಿಂದ ಪೂಜೆಯೂ ನಿಂತಿತ್ತು. ಈ ಸಂಗತಿಯನ್ನು ಆ ಥೆರಪಿಸ್ಟ್ ತನ್ನ ವರದಿಯಲ್ಲಿ ಬರೆದುಕೊಂಡರು. ಮೆಟ್ಟಿಲಿಗೆ ಇನ್ನೊಂದು ಬದಿಯಲ್ಲೂ ಹಿಡಿಕಂಬಿ, ಗೋಡೆಗೆ ಹಿಡಿಕೆ, ತೊಟ್ಟಿಯ ಅಡ್ಡಕ್ಕೆ ಭದ್ರವಾದ ಒಂದು ಹಲಗೆ ಬಂದವು. ಹಲಗೆಯ ಮೇಲೆ ಹೊರಗಿನಿಂದಲೇ ಕುಳಿತು, ಒಂದೊಂದಾಗಿ ಕಾಲು ಒಳಗೆ ತೆಗೆದುಕೊಂಡು, ಪಕ್ಕದಲ್ಲಿ ಬಕೆಟ್ ಇಟ್ಟುಕೊಂಡು ತಂಬಿಗೆಯಲ್ಲಿ ನೀರು ಹೊಯ್ದುಕೊಳ್ಳುವುದನ್ನು ಅವರು ಕಲಿತರು. ಇಂಥ ಸಲಕರಣೆಗಳಿಗೂ 1,000 ಪೌಂಡಿನೊಳಗಿನ ಸಣ್ಣ ಮಾರ್ಪಾಡುಗಳಿಗೂ ಕೌನ್ಸಿಲ್ ಹಣ ಕೇಳುವಂತಿಲ್ಲ. ಇಳಿಜಾರು ದಾರಿ, ಮೆಟ್ಟಿಲು ಲಿಫ್ಟ್, ನೆಲಮಟ್ಟದ ಬಚ್ಚಲು ಮುಂತಾದ ದೊಡ್ಡ ಕೆಲಸಗಳಿಗೆ ಬೇರೆಯೇ ಅನುದಾನವಿದ್ದು, ಇಂಗ್ಲೆಂಡಿನಲ್ಲಿ ಅದರ ಮಿತಿ 30,000 ಪೌಂಡ್. ವಯಸ್ಕರ ಮಟ್ಟಿಗೆ ಅದು ಆದಾಯ ನೋಡಿ ಕೊಡುವ ಹಣ.

ಆಸ್ಪತ್ರೆಯಿಂದ ಬಂದವರಿಗೆ ಆರು ವಾರಗಳವರೆಗೆ ಉಚಿತವಾಗಿ ದೊರೆಯಬಹುದಾದ ಇನ್ನೊಂದು ನೆರವಿಗೆ ಅಲ್ಲಿ ‘ರಿಏಬಲ್‌ಮೆಂಟ್’ ಎನ್ನುತ್ತಾರೆ. ಇದರಲ್ಲಿ ಮನೆಗೆ ಬರುವ ಕಾರ್ಯಕರ್ತೆ ನಿಮ್ಮ ಕೆಲಸವನ್ನು ಮಾಡಿಕೊಡುವುದಿಲ್ಲ. ನೀವು ಮತ್ತೆ ಮಾಡಿಕೊಳ್ಳುವಂತೆ ಪಕ್ಕದಲ್ಲಿ ನಿಂತು ನೆರವಾಗುತ್ತಾಳೆ. ಅತ್ತೆ ಕುಪ್ಪಸದ ಗುಂಡಿಯೊಂದಿಗೆ ಒದ್ದಾಡುತ್ತಿರುವಾಗ ಆಕೆ ಸುಮ್ಮನೆ ನಿಂತಿರುವುದನ್ನು ಕಂಡು ಮಾವನವರಿಗೆ ಮೊದಲು ಸಿಟ್ಟೇ ಬಂತು. ಅಶಕ್ತರ ಕೈಯಿಂದ ಕೆಲಸ ಕಸಿದು ಮಾಡಿಕೊಡುವುದನ್ನೇ ನಾವು ಸೇವೆ ಎಂದು ತಿಳಿದವರು. ಹಾಗೆ ಮಾಡಿಕೊಟ್ಟಷ್ಟೂ ಆ ಕೈಗಳ ಬಲ ಕುಂದುತ್ತದೆ ಎಂಬುದನ್ನು ಅವರು ಒಪ್ಪಿದ್ದು ವಾರಗಳು ಕಳೆದ ಮೇಲೆ, ಅತ್ತೆ ತಾವೇ ಸೀರೆ ಉಡತೊಡಗಿದಾಗ.

ಕೇರ್ ಆಕ್ಟಿನ ಹತ್ತನೆಯ ವಿಧಿಯನ್ನು ನಮ್ಮವರು ವಿಶೇಷವಾಗಿ ತಿಳಿದಿರಬೇಕು. ನೋಡಿಕೊಳ್ಳುವ ಹೆಂಡತಿ, ಗಂಡ, ಮಗಳು, ಸೊಸೆ ಇವರಿಗೂ ತಮ್ಮದೇ ಆದ ಮೌಲ್ಯಮಾಪನದ ಹಕ್ಕು ಇದೆ. ಈ ಆರೈಕೆಯನ್ನು ಮುಂದುವರಿಸಲು ನಿಮಗೆ ಶಕ್ತಿ ಇದೆಯೇ ಎಂದಷ್ಟೇ ಅಲ್ಲ, ಮನಸ್ಸು ಇದೆಯೇ ಎಂದೂ ಕೌನ್ಸಿಲ್ ಕೇಳಬೇಕು. ನಮ್ಮ ಮನೆಗಳಲ್ಲಿ ಸೊಸೆಯರನ್ನು ಯಾರೂ ಕೇಳದ ಪ್ರಶ್ನೆ ಇದು. ಒಂದು ದೇಶದ ಕಾನೂನು ಅದನ್ನು ಕೇಳಲೇಬೇಕೆಂದು ಕಟ್ಟುಪಾಡು ಮಾಡಿರುವುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ.

ಇನ್ನು ಹಣದ ವಿಷಯ. ಮನೆಗೆ ಬಂದು ನೋಡಿಕೊಳ್ಳುವ ಆರೈಕೆಗೆ, 23,250 ಪೌಂಡಿಗಿಂತ ಹೆಚ್ಚು ಉಳಿತಾಯ ಇರುವವರು ಸಾಮಾನ್ಯವಾಗಿ ಪೂರ್ತಿ ಖರ್ಚನ್ನು ತಾವೇ ಭರಿಸಬೇಕು; 14,250ಕ್ಕಿಂತ ಕಡಿಮೆ ಇದ್ದರೆ ಉಳಿತಾಯವನ್ನು ಲೆಕ್ಕಕ್ಕೆ ಹಿಡಿಯದೆ ಆದಾಯವನ್ನು ಮಾತ್ರ ನೋಡುತ್ತಾರೆ. ಈ ಮಿತಿಗಳು 2010ರಿಂದ ಒಂದು ಪೌಂಡೂ ಏರಿಲ್ಲ, ಬೆಲೆಗಳು ಮಾತ್ರ ಏರುತ್ತಲೇ ಇವೆ. ಮನೆಯಲ್ಲಿಯೇ ಆರೈಕೆ ಪಡೆಯುವವರ ವಾಸದ ಮನೆಯ ಬೆಲೆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಕೇರ್ ಹೋಮಿಗೆ ಶಾಶ್ವತವಾಗಿ ಸೇರಿದಾಗ, ಸಂಗಾತಿ ಆ ಮನೆಯಲ್ಲಿ ವಾಸವಿಲ್ಲದಿದ್ದರೆ, ಸಾಮಾನ್ಯವಾಗಿ ಬರುತ್ತದೆ. ಜೀವಮಾನದ ಖರ್ಚಿಗೆ 86,000 ಪೌಂಡಿನ ಮಿತಿ ಹಾಕುವ ಯೋಜನೆಯನ್ನು ಮತ್ತೆ ಮತ್ತೆ ಮುಂದೂಡಿ, 2024ರ ಜುಲೈಯಲ್ಲಿ ಕೈಬಿಡಲಾಯಿತು. ಸ್ಕಾಟ್‌ಲೆಂಡಿನಲ್ಲಾದರೋ 65 ದಾಟಿದವರ ಮೈ ಆರೈಕೆ 2002ರಿಂದಲೇ ಉಚಿತ. 2019ರಿಂದ ಅದಕ್ಕಿಂತ ಚಿಕ್ಕವರಿಗೂ ಉಚಿತ. ಒಂದೇ ದೇಶದ ಎರಡು ಭಾಗಗಳ ನಡುವೆ ಇಷ್ಟು ಅಂತರವಿರುವುದು ನ್ಯಾಯವಲ್ಲವೆಂದೇ ನನ್ನ ಅಭಿಪ್ರಾಯ.

ಕೌನ್ಸಿಲ್‌ಗಳೂ ಬಿಕ್ಕಟ್ಟಿನಲ್ಲಿವೆ. ವೃದ್ಧರ ಸಂಖ್ಯೆ ಏರುತ್ತಿದೆ, ಕೇಂದ್ರದ ಅನುದಾನ 2010ರ ನಂತರ ಬಹಳ ಕುಗ್ಗಿತು, 2016ರಿಂದ ಆರೈಕೆಗೆಂದೇ ಸ್ಥಳೀಯ ತೆರಿಗೆಯಲ್ಲಿ ಹೆಚ್ಚುವರಿ ಅಂಶ ಸೇರಿಸಿದರೂ ಸಾಲುತ್ತಿಲ್ಲ. ಇದರ ಪೆಟ್ಟು ಕೊನೆಗೆ ಬೀಳುವುದು ಬಾಗಿಲು ತಟ್ಟಿ ಒಳಬರುವ ಆರೈಕೆಯವರ ಸಮಯದ ಮೇಲೆ. ಭೇಟಿ ಸಾಮಾನ್ಯವಾಗಿ ಅರ್ಧ ಗಂಟೆಗೆ ಕಡಿಮೆ ಇರಬಾರದೆಂದು ಆರೋಗ್ಯ ಮತ್ತು ಆರೈಕೆಗೆ ಮಾರ್ಗಸೂಚಿ ರೂಪಿಸುವ ಅಲ್ಲಿನ ನೈಸ್ ಸಂಸ್ಥೆ 2015ರಲ್ಲಿಯೇ ಸೂಚಿಸಿದ್ದರೂ, ಹದಿನೈದು ನಿಮಿಷದಲ್ಲಿ ಎಬ್ಬಿಸಿ, ತೊಳೆದು, ತಿಂಡಿ ಕೊಟ್ಟು ಓಡುವವರ ಕಥೆಗಳು ನಿಂತಿಲ್ಲ. ಅವರನ್ನು ದೂರಿ ಫಲವಿಲ್ಲ. ಕಡಿಮೆ ಸಂಬಳಕ್ಕೆ ದುಡಿಯುವ ಅವರಲ್ಲಿ ಭಾರತದಿಂದ, ವಿಶೇಷವಾಗಿ ಕೇರಳದಿಂದ ಹೋದವರು ಅನೇಕರು. 2022ರ ಫೆಬ್ರವರಿಯಲ್ಲಿ ಈ ಕೆಲಸಕ್ಕೆಂದು ತೆರೆದ ವೀಸಾ ದಾರಿಯನ್ನು 2025ರ ಜುಲೈಯಲ್ಲಿ ಹೊರದೇಶದವರಿಗೆ ಮುಚ್ಚಲಾಯಿತು. ಇಡೀ ವ್ಯವಸ್ಥೆಯನ್ನು ಸರಿಪಡಿಸುವ ಬಗೆಯನ್ನು ಸರ್ಕಾರ ನೇಮಿಸಿದ ಲೂಯಿಸ್ ಕೇಸಿ ಅವರ ಆಯೋಗ ಪರಿಶೀಲಿಸುತ್ತಿದ್ದು, ಅಂತಿಮ ವರದಿಗೆ 2028ರ ಗಡುವು ಇದೆ.

ನಮ್ಮ ಕರ್ನಾಟಕದಲ್ಲಿಯೂ ಸ್ಥಳೀಯ ಆಡಳಿತಕ್ಕೆ ಈ ಹೊಣೆಯ ಒಂದು ಎಳೆ ಇದೆ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಪಂಚಾಯಿತಿಯ ನಿಧಿಯಲ್ಲಿ ಶೇ. 5ರಷ್ಟನ್ನು ಅಂಗವಿಕಲರಿಗೆ ಮೀಸಲಿಡಬೇಕೆಂಬ ನಿಯಮವೂ ಇದೆ. ಅದರಿಂದ ಗಾಲಿಕುರ್ಚಿ, ಊರುಗೋಲು ಬರುತ್ತವೆ. ಆ ಗಾಲಿಕುರ್ಚಿ ಮನೆಯ ಹೊಸ್ತಿಲು ದಾಟುತ್ತದೆಯೇ, ಬಚ್ಚಲಿನ ಬಾಗಿಲಲ್ಲಿ ಹಿಡಿಸುತ್ತದೆಯೇ ಎಂದು ಟೇಪು ಹಿಡಿದು ಅಳೆಯುವ ತರಬೇತಿಯನ್ನು ಈ ಕಾರ್ಯಕರ್ತರಿಗೆ ಕೊಡಲು ದೊಡ್ಡ ಹಣವೇನೂ ಬೇಕಾಗದು.

ಕಡೆಯದಾಗಿ, ಇಂಗ್ಲೆಂಡಿನಲ್ಲಿ ನೆಲೆಸಿರುವ ಹಿರಿಯರು ಇರುವ ಕುಟುಂಬಗಳಿಗೆ ಒಂದು ವಿಷಯ ಹೇಳಬೇಕು. ಮರೆವಿನ ಕಾಯಿಲೆ ಬಂದ ಅನೇಕರಲ್ಲಿ ನಂತರ ಕಲಿತ ಭಾಷೆ ಮೊದಲು ಮಾಸುತ್ತದೆ. ಐವತ್ತು ವರ್ಷ ಇಂಗ್ಲಿಷಿನಲ್ಲಿ ರೋಗಿಗಳೊಡನೆ ಮಾತನಾಡಿದ ವೈದ್ಯರೂ ಕನ್ನಡಕ್ಕೆ ಮರಳುತ್ತಾರೆ. ಅಂಥವರ ಮೌಲ್ಯಮಾಪನ ಇಂಗ್ಲಿಷಿನಲ್ಲಿ ನಡೆದರೆ ಅವರ ಶಕ್ತಿಯೂ ತಿಳಿಯದು, ಇಚ್ಛೆಯೂ ತಿಳಿಯದು. ಕನ್ನಡ ಬಲ್ಲ ದುಭಾಷಿ ಬೇಕೆಂದು ಕೌನ್ಸಿಲ್ಲಿಗೆ ಮಾಡುವ ಮೊದಲ ಫೋನಿನಲ್ಲಿಯೇ ಕೇಳಿ. ಮಗನೋ ಮಗಳೋ ದುಭಾಷಿಯಾಗುವುದು ಸರಿಯಲ್ಲ, ಏಕೆಂದರೆ ಮಕ್ಕಳ ಮುಂದೆ ತಂದೆತಾಯಿಗಳು ಶೌಚದ ತೊಂದರೆಯನ್ನಾಗಲಿ ಒಂಟಿತನವನ್ನಾಗಲಿ ಬಾಯಿಬಿಟ್ಟು ಹೇಳುವುದಿಲ್ಲ. ತಮ್ಮ ಮಾತನ್ನು ಮಂಡಿಸಲು ಬಹಳ ಕಷ್ಟಪಡುವವರಿಗೆ, ಜೊತೆಗೆ ನಿಲ್ಲಲು ತಕ್ಕವರು ಇಲ್ಲದಿದ್ದಲ್ಲಿ, ಸ್ವತಂತ್ರ ಪ್ರತಿನಿಧಿಯೊಬ್ಬರನ್ನು ಕೌನ್ಸಿಲ್ ಒದಗಿಸಬೇಕು. ಕೌನ್ಸಿಲ್ಲಿನ ಹಣಕ್ಕೆ ಅರ್ಹರಾದವರು ನೇರ ಪಾವತಿಯನ್ನು ಆರಿಸಿಕೊಂಡರೆ, ಅದೇ ಊರಿನಲ್ಲಿರುವ ಕನ್ನಡದ ಹೆಣ್ಣುಮಗಳೊಬ್ಬಳನ್ನು ಸಂಬಳಕ್ಕೆ ನೇಮಿಸಿಕೊಳ್ಳಬಹುದು. ಒಂದೇ ಮನೆಯಲ್ಲಿರುವ ಹತ್ತಿರದ ಬಂಧುಗಳಿಗೆ ಮಾತ್ರ ಆ ಹಣ ಸಾಮಾನ್ಯವಾಗಿ ಸಲ್ಲದು. ನೇಮಿಸಿಕೊಂಡವರು ಉದ್ಯೋಗದಾತರಾಗುವುದರಿಂದ ಸಂಬಳ, ರಜೆ, ವಿಮೆಗಳ ಲೆಕ್ಕವನ್ನು ಇಡಬೇಕಾಗುತ್ತದೆ; ಅದಕ್ಕೆ ನೆರವಾಗುವ ಏರ್ಪಾಡು ಬಹುತೇಕ ಕೌನ್ಸಿಲ್‌ಗಳಲ್ಲಿದೆ, ಅದನ್ನೂ ಕೇಳಿ ಪಡೆಯಿರಿ.

ನಮಸ್ಕಾರ.