ಕ್ಷಿಪಣಿ ಬಿಡಿ, ಫಿರಂಗಿ ನೋಡಿ

ದಕ್ಷಿಣ ಕೊರಿಯಾದ ಯೂನ್ ಯಂಗ್‌ಹಾ ವರ್ಗದ ಗಸ್ತು ಹಡಗು ಅಂದ ಕೂಡಲೇ ಎಲ್ಲರೂ ಹೇಳುವುದು ಕ್ಷಿಪಣಿ ವಿಷಯ. ಶತ್ರು ಹಡಗಿಗೆ ಹೊಡೆಯುವ ನಾಲ್ಕು ಹೇಸಾಂಗ್ ಕ್ಷಿಪಣಿ, ನೂರು ಕಿಲೋಮೀಟರ್ ಆಚೆಗೂ ಹೊಡೆಯುತ್ತದೆ, ಹಡಗೂ ಕ್ಷಿಪಣಿಯೂ ದೇಶದಲ್ಲೇ ಮಾಡಿದ್ದು. ಎಲ್ಲಾ ನಿಜ. ಆದರೆ ಈ ಹಡಗು ಯಾಕೆ ಹುಟ್ಟಿತು ಅಂತ ನೋಡಿದರೆ, ಅಲ್ಲಿ ಕ್ಷಿಪಣಿಗೆ ಕೆಲಸವೇ ಕಡಿಮೆ.

2002ರ ಜೂನ್ 29. ವಿಶ್ವಕಪ್ ಫುಟ್‌ಬಾಲ್‌ನಲ್ಲಿ ಕೊರಿಯಾ ಮೂರನೇ ಸ್ಥಾನಕ್ಕೆ ಟರ್ಕಿ ಜೊತೆ ಆಡಬೇಕಿದ್ದ ದಿನ. ಬೆಳಿಗ್ಗೆ ಯೋನ್‌ಪ್ಯೋಂಗ್ ದ್ವೀಪದ ಹತ್ತಿರ ಉತ್ತರ ಕೊರಿಯಾದ ಗಸ್ತು ದೋಣಿಗಳು ಸಮುದ್ರದ ಗಡಿರೇಖೆ ದಾಟಿ ಬಂದವು. ಇಂಥ ಹೊತ್ತಿಗೆ ದಕ್ಷಿಣದ ನೌಕಾಪಡೆಗಿದ್ದ ಆಗಿನ ನಿಯಮಕ್ಕೆ ಐದು ಹಂತ: ಮೈಕಿನಲ್ಲಿ ಎಚ್ಚರಿಸು, ಓಡಾಡಿ ಬಲ ತೋರಿಸು, ಅಡ್ಡ ನಿಲ್ಲು, ಎಚ್ಚರಿಕೆಯ ಗುಂಡು ಹಾರಿಸು, ಆಮೇಲಷ್ಟೇ ಗುರಿಯಿಟ್ಟು ಹೊಡಿ. ಅಡ್ಡ ನಿಲ್ಲುವುದು ಅಂದರೆ ಎದುರಿನವನ ಫಿರಂಗಿಗೆ ಪಕ್ಕೆ ತೋರಿಸಿ ನಿಲ್ಲುವುದೇ, ಅಲ್ವಾ? ಹಾಗೇ ಆಯ್ತು. ಏಟು ಬಿದ್ದದ್ದು ಅಡ್ಡ ಹೋದ ದಕ್ಷಿಣದ ಗಸ್ತು ದೋಣಿಗೆ, ಅದೂ ದೋಣಿ ನಡೆಸುವ ಕೋಣೆಗೇ. ಕಮಾಂಡರ್ ಯೂನ್ ಯಂಗ್‌ಹಾ ಸೇರಿ ಆರು ಜನ ಸತ್ತರು. ಎಳೆದು ತರುವಾಗ ದೋಣಿಯೂ ಮುಳುಗಿತು.

ಆಮೇಲೆ ಐದು ಹಂತ ಮೂರಾಯಿತು, ಅಡ್ಡ ನಿಲ್ಲುವ ಹಂತ ಹೋಯಿತು. ನನ್ನ ಕೇಳಿದರೆ ಯಾವ ಹೊಸ ಹಡಗಿಗಿಂತಲೂ ದೊಡ್ಡ ಬದಲಾವಣೆ ಅದೇ.

ಯೂನ್ ಯಂಗ್‌ಹಾ ವರ್ಗದ ಮೊದಲ ಹಡಗು 2008ರಲ್ಲಿ ಸೇವೆಗೆ ಬಂತು. ಒಟ್ಟು 18 ಕಟ್ಟಿದರು, ಮೊದಲ ಆರಕ್ಕೆ ಸತ್ತ ಆ ಆರು ಜನರ ಹೆಸರೇ. 40 ನಾಟ್ (ಗಂಟೆಗೆ ಸುಮಾರು 74 ಕಿಲೋಮೀಟರ್) ವೇಗ, 76 ಎಂಎಂ ಫಿರಂಗಿ, ಅದಕ್ಕೆ ಗುರಿ ಹಿಡಿದುಕೊಡುವ ರೇಡಾರ್. ಕೆಲವೇ ನೂರು ಮೀಟರ್ ದೂರದಲ್ಲಿ ನಡೆಯುವ ಜಗಳಕ್ಕೆ ಬೇಕಿದ್ದದ್ದು ಇವೇ. ದೇಶೀ ಅಂದ ಮೇಲೆ ತೊಂದರೆಯೂ ದೇಶೀ ಆಗಿರುತ್ತದೆ: ಎರಡನೇ ಹಡಗು ಹಾನ್ ಸಾಂಗ್‌ಗುಕ್, ಜೋರಾಗಿ ಓಡಿಸಿದರೆ ನೇರ ಹೋಗದೆ ಹಾವಿನ ಹಾಗೆ ಅಂಕುಡೊಂಕಾಗಿ ಹೋಗುತ್ತಿತ್ತು. ನೀರು ಚಿಮ್ಮಿಸಿ ಹಡಗನ್ನು ತಳ್ಳುವ ವಾಟರ್‌ಜೆಟ್ ಅಲ್ಲೇ ತಯಾರಾಗಿದ್ದು, ಅದನ್ನೇ ಮತ್ತೆ ಸರಿಮಾಡಬೇಕಾಯಿತು.

ಹಾಗಂತ ಕ್ಷಿಪಣಿ ಸುಮ್ನೆ ದಂಡ ಅಂತ ನಾನು ಹೇಳುತ್ತಿಲ್ಲ. ಉತ್ತರದವರ ಹತ್ತಿರವೂ ಕ್ಷಿಪಣಿ ದೋಣಿಗಳಿವೆ, ಅವು ಹೊರಗೆ ಬಂದರೆ ಇದು ಬೇಕು. ಆದರೆ ಮೀನುಗಾರರ ದೋಣಿಗಳ ನಡುವೆ ಒಂದು ಗಸ್ತು ದೋಣಿ ನುಗ್ಗಿತು ಅಂತ ಯಾರು ತಾನೇ ದೂರಗಾಮಿ ಕ್ಷಿಪಣಿ ಬಿಡುತ್ತಾರೆ? ನೌಕಾಪಡೆಗೂ ಇದು ಹೊಳೆದಂತಿದೆ. 2017ರಿಂದ ಬರುತ್ತಿರುವ ಚಿಕ್ಕ ಚಾಮ್‌ಸುರಿ ದೋಣಿಗಳಲ್ಲಿ ಹೇಸಾಂಗ್ ಇಲ್ಲವೇ ಇಲ್ಲ. ಅದರ ಜಾಗದಲ್ಲಿ 20 ಕಿಲೋಮೀಟರ್ ಹೋಗುವ 130 ಎಂಎಂ ರಾಕೆಟ್, ಮುಂದೆ ಅದೇ 76 ಎಂಎಂ ಫಿರಂಗಿ. ಗಡಿರೇಖೆ ಕಾಯುವುದಕ್ಕೆ ಇವನ್ನೇ ಜಾಸ್ತಿ ಕಟ್ಟಲಿ, ದೊಡ್ಡವು ಸ್ವಲ್ಪ ಹಿಂದೆ ನಿಲ್ಲಲಿ.