ಬಿಜಾಪುರ ಇದ್ದ ಸಾಲುಗಳನ್ನು ಪರ್ಲ್‌ನಲ್ಲಿ ತಿದ್ದುವುದು

[ಪರದೆಯಲ್ಲಿ: ಸಾಲಿಗೊಂದು ವಿಳಾಸವಿರುವ ಟೆಕ್ಸ್ಟ್ ಫೈಲ್]

ನಮಸ್ಕಾರ. 2014ರ ನವೆಂಬರ್ 1ರಂದು ಕರ್ನಾಟಕದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಅದಕ್ಕೂ ಹಿಂದಿನ ವಿಳಾಸಪಟ್ಟಿಯೊಂದು ನಿಮ್ಮಲ್ಲಿ ಉಳಿದಿದ್ದು, ಅದರಲ್ಲಿ ಬಿಜಾಪುರ ಇದ್ದಲ್ಲಿ ವಿಜಯಪುರ, ಬೆಳಗಾಂ ಇದ್ದಲ್ಲಿ ಬೆಳಗಾವಿ ಎಂದು ತಿದ್ದಬೇಕಾಗಿದೆ ಎಂದುಕೊಳ್ಳಿ. ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಇದು ಒಂದು ಸಾಲಿನ ಕೆಲಸ.

[ಪರದೆಯಲ್ಲಿ: ಟರ್ಮಿನಲ್, ಆದೇಶ]

ಆದೇಶದಲ್ಲಿ ಮೂರು ಆಯ್ಕೆಗಳಿವೆ. 'ಪಿ' ಎಂದರೆ ಒಂದೊಂದೇ ಸಾಲನ್ನು ಓದಿ, ಸೂಚನೆಯಂತೆ ತಿದ್ದಿ, ಹೊರಗೆ ಬರೆ ಎಂದರ್ಥ. 'ಐ' ಎಂದರೆ ಆ ಬರಹ ಪರದೆಗೆ ಬಾರದೆ ಅದೇ ಹೆಸರಿನ ಫೈಲಿಗೆ ಹೋಗಲಿ ಎಂದು. 'ಇ' ಆದಮೇಲೆ ಸೂಚನೆ ಬರುತ್ತದೆ. ಮೂರನ್ನೂ 'ಪಿಐಇ' ಎಂದು ಕೂಡಿಸಿ ಬರೆಯಬೇಡಿ. ಹಾಗೆ ಬರೆದರೆ ಕೊನೆಯ 'ಇ'ಯನ್ನು ಪರ್ಲ್ ಬ್ಯಾಕಪ್ ಫೈಲಿನ ಹೆಸರಿನ ಬಾಲವೆಂದು ತಿಳಿಯುತ್ತದೆ.

ಇದ್ದಲ್ಲಿಯೇ ತಿದ್ದಿದಂತೆ ಕಂಡರೂ ನಿಜವಾಗಿ ನಡೆಯುವುದು ಹೊಸ ಫೈಲಿನ ಬರವಣಿಗೆ. ಡಿಸ್ಕಿನಲ್ಲಿರುವುದು ಬೈಟ್‌ಗಳ ಉದ್ದನೆಯ ಸರ. ಸಾಲು ಎಂಬುದು ಆ ಸರದಲ್ಲಿ ಅಲ್ಲಲ್ಲಿ ಬರುವ 10 ಎಂಬ ಬೈಟಿನಿಂದ ನಾವು ಮಾಡಿಕೊಂಡ ವಿಭಾಗವಷ್ಟೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಕನ್ನಡದ ವ್ಯಂಜನಕ್ಕೂ ಸ್ವರಚಿಹ್ನೆಗೂ ಅನುಸ್ವಾರಕ್ಕೂ ತಲಾ 3 ಬೈಟ್ ಬೇಕಾಗುವುದರಿಂದ ಬೆಳಗಾಂ 18 ಬೈಟ್, ಬೆಳಗಾವಿ 21. ಹೆಚ್ಚಿನ 3 ಬೈಟಿಗೆ ನಡುವೆ ಜಾಗವಿಲ್ಲ. (ಬಿಜಾಪುರ, ವಿಜಯಪುರ ಎರಡೂ 21 ಆಗಿರುವುದು ಕಾಕತಾಳೀಯ.)

[ಪರದೆಯಲ್ಲಿ: ಛತ್ತೀಸ್‌ಗಢದ ವಿಳಾಸವಿರುವ ಸಾಲು]

ಛತ್ತೀಸ್‌ಗಢದಲ್ಲಿಯೂ ಬಿಜಾಪುರವೆಂಬ ಜಿಲ್ಲೆಯಿದೆ, ಅದರ ಹೆಸರು ಬದಲಾಗಿಲ್ಲ. ಆದ್ದರಿಂದ ಬದಲಾವಣೆಯ ಸೂಚನೆಯ ಕೊನೆಗೆ 'ಇಫ್' ಸೇರಿಸಿ, ಕರ್ನಾಟಕ ಎಂಬ ಪದವಿರುವ ಸಾಲನ್ನು ಮಾತ್ರ ಮುಟ್ಟುವಂತೆ ಮಾಡುತ್ತೇವೆ.

ವಿಭಕ್ತಿ ಪ್ರತ್ಯಯದ ತೊಡಕು ಇನ್ನೂ ಸ್ವಾರಸ್ಯಕರ. 'ಬಿಜಾಪುರದಲ್ಲಿ' ಎಂಬುದು ತಾನಾಗಿ 'ವಿಜಯಪುರದಲ್ಲಿ' ಆಗುತ್ತದೆ, 'ಬೆಳಗಾಂಗೆ' ಸಹ 'ಬೆಳಗಾವಿಗೆ' ಎಂದು ಸರಿಹೋಗುತ್ತದೆ. ಆದರೆ 'ಬೆಳಗಾಂನಲ್ಲಿ' ಎಂಬುದು 'ಬೆಳಗಾವಿನಲ್ಲಿ' ಎಂದಾಗಿ ಕಿವಿಗೆ ಚುಚ್ಚುತ್ತದೆ. ಇದಕ್ಕಾಗಿ 'ಬೆಳಗಾಂನ' ಇದ್ದಲ್ಲಿ 'ಬೆಳಗಾವಿಯ' ಎಂಬ ಉದ್ದನೆಯ ಸೂಚನೆಯನ್ನು ಮೊದಲು ಬರೆದು, ಬರಿಯ 'ಬೆಳಗಾಂ' ಕುರಿತ ಸೂಚನೆಯನ್ನು ಅದರ ನಂತರ ಇಡಬೇಕು. ಕ್ರಮ ತಿರುವುಮುರುವಾದರೆ ಉದ್ದನೆಯದಕ್ಕೆ ಕೆಲಸವೇ ಸಿಗುವುದಿಲ್ಲ.

ತಪ್ಪಾದರೆ ವಿಜಯಪುರವನ್ನು ಮತ್ತೆ ಬಿಜಾಪುರ ಮಾಡಿದರಾಯಿತು ಎಂದು ಭಾವಿಸಬೇಡಿ; ದೇವನಹಳ್ಳಿ ತಾಲ್ಲೂಕಿನ ವಿಜಯಪುರವೂ ಪಟ್ಟಿಯಲ್ಲಿದ್ದರೆ ಅದೂ ಬಿಜಾಪುರವಾಗಿಬಿಡುತ್ತದೆ. 'ಐ'ಗೆ ಅಂಟಿಸಿ 'ಡಾಟ್ ಬಿಎಕೆ' ಎಂದು ಬರೆದರೆ ಹಳೆಯ ಫೈಲ್ ಆ ಬಾಲದೊಂದಿಗೆ ಪಕ್ಕದಲ್ಲಿಯೇ ಉಳಿಯುತ್ತದೆ. ಈಗ 'ಡಿಫ್' ಆದೇಶದಿಂದ ಎರಡನ್ನೂ ಹೋಲಿಸಿ, ಬದಲಾದ ಸಾಲುಗಳನ್ನು ಒಂದೊಂದಾಗಿ ನೋಡೋಣ.