ಮೊದಲ ಮೀಟಿಂಗ್‌ಗೆ ಹೋಗುವ ದಾರಿ

ಮಾನ್ಯರೆ,

ಕುಡಿತ ಬಿಟ್ಟ ವ್ಯಕ್ತಿಗೆ ದಿನದ ಅತ್ಯಂತ ಕಷ್ಟದ ಹೊತ್ತು ಸಂಜೆ. ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಬಂದವರಿರಲಿ, ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿರಲಿ, ದೇವರ ಮೇಲೆ ಆಣೆ ಇಟ್ಟು ತಾವಾಗಿಯೇ ನಿಲ್ಲಿಸಿದವರಿರಲಿ, ಕೆಲಸ ಮುಗಿಸಿ ಮನೆಗೆ ಮರಳುವಾಗ ಅದೇ ಬೀದಿ, ಅದೇ ಬಾರ್, ಅದೇ ಗೆಳೆಯರು ಎದುರಾಗುತ್ತಾರೆ. ಆ ಹೊತ್ತಿಗೆ ಹೋಗಿ ಕೂರಲು ಇನ್ನೊಂದು ಜಾಗ ಬೇಕು. ಕುಡಿತ ಬಿಟ್ಟವರು, ಬಿಡಬೇಕೆಂದಿರುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಸ್ವಸಹಾಯ ಗುಂಪಿನ ಮೀಟಿಂಗ್ ಅಂಥ ಜಾಗ. ಅಲ್ಲಿಗೆ ಮೊದಲ ಸಲ ಹೋಗುವುದನ್ನು ನಾವೆಲ್ಲ ಸೇರಿ ಸುಲಭ ಮಾಡಬೇಕು ಎಂಬುದೇ ಈ ಹೊತ್ತಿನ ನನ್ನ ಮಾತು.

ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಲ್ಲರೂ ಎ.ಎ. ಎನ್ನುವ, ಇಂಥ ಗುಂಪುಗಳ ಸಂಸ್ಥೆ, ಹುಟ್ಟಿದ್ದೇ ಇಂಥದೊಂದು ಹುಡುಕಾಟದಲ್ಲಿ. 1935ರ ಮೇ ತಿಂಗಳಲ್ಲಿ ಬಿಲ್ ಎಂಬ ನ್ಯೂಯಾರ್ಕಿನ ಷೇರು ವ್ಯವಹಾರಸ್ಥರು ಅಮೆರಿಕದ ಆಕ್ರನ್ ನಗರದ ಹೋಟೆಲೊಂದರಲ್ಲಿದ್ದರು. ಅವರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಬಂದ ವ್ಯವಹಾರ ಕೆಟ್ಟಿತ್ತು, ಪಕ್ಕದಲ್ಲೇ ಬಾರ್ ಇತ್ತು. ಅವರು ಬಾರಿನತ್ತ ಹೋಗದೆ, ಮಾತನಾಡಲು ತಮ್ಮಂಥ ಇನ್ನೊಬ್ಬ ಕುಡುಕ ಸಿಗುತ್ತಾನೆಯೇ ಎಂದು ಊರಿನ ಚರ್ಚುಗಳಿಗೆ ಫೋನ್ ಮಾಡಿದರು. ಹಾಗೆ ಸಿಕ್ಕವರು ಬಾಬ್ ಎಂಬ ಶಸ್ತ್ರವೈದ್ಯರು. ಕಾಲು ಗಂಟೆಗೆಂದು ಕುಳಿತ ಆ ಭೇಟಿ ಗಂಟೆಗಟ್ಟಲೆ ನಡೆಯಿತು. ಬಾಬ್ ಕೊನೆಯ ಬಾರಿ ಕುಡಿದ 1935ರ ಜೂನ್ 10ನ್ನೇ ಎ.ಎ. ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ. ಕುಡಿತದಿಂದ ನೊಂದವನ ಮಾತು ಇನ್ನೊಬ್ಬ ನೊಂದವನಿಗೆ ನಾಟುವಷ್ಟು ನಮ್ಮ ಉಪದೇಶ ನಾಟುವುದಿಲ್ಲ. ವೈದ್ಯರಾದವರೂ ಇದನ್ನು ಒಪ್ಪಿಕೊಳ್ಳಬೇಕು.

ಇಲ್ಲಿ ಒಂದು ಎಚ್ಚರಿಕೆ. ಬಹುಕಾಲ ದಿನನಿತ್ಯ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಕ, ಬೆವರು, ನಿದ್ರೆಗೇಡು ಮಾತ್ರವಲ್ಲ, ಮೊದಲ ಕೆಲವು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಬುದ್ಧಿ ಕದಡಬಹುದು, ಪ್ರಾಣಕ್ಕೂ ಅಪಾಯವಿದೆ. ಅಂಥವರು ಮೊದಲು ವೈದ್ಯರನ್ನು ಕಾಣಬೇಕು. ಮೀಟಿಂಗ್ ಔಷಧಿಯ ಜಾಗವನ್ನು ತುಂಬುವುದಿಲ್ಲ, ಔಷಧಿಯೂ ಮೀಟಿಂಗಿನ ಜಾಗವನ್ನು ತುಂಬುವುದಿಲ್ಲ.

ಮೀಟಿಂಗ್ ಎಲ್ಲಿದೆ ಎಂದು ತಿಳಿಯುವುದು ಹೇಗೆ? ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಕೇಳಬಹುದು. ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನೋ, ಹತ್ತಿರದ ವ್ಯಸನಮುಕ್ತಿ ಕೇಂದ್ರದವರನ್ನೋ ಕೇಳಬಹುದು. 14446 ಎಂಬ ರಾಷ್ಟ್ರೀಯ ವ್ಯಸನಮುಕ್ತಿ ಸಹಾಯವಾಣಿಗೂ, ಮನಸ್ಸಿನ ಸಂಕಟಕ್ಕೆ 14416 ಟೆಲಿ ಮಾನಸ್‌ಗೂ ಕರೆ ಮಾಡಬಹುದು. ಮದ್ಯವರ್ಜನ ಶಿಬಿರ ಮುಗಿಸಿದವರಿಗೆ, ಅವರೇ ಸೇರುವ ನವಜೀವನ ಸಮಿತಿಗಳಿವೆ. ಹೊರದೇಶದ ಕನ್ನಡಿಗರಿಗೆ ಆನ್‌ಲೈನ್ ಮೀಟಿಂಗ್‌ಗಳಿವೆ. ವಿಳಾಸ ಸಿಕ್ಕ ಮೇಲೆ ಅದು ಓಪನ್ ಮೀಟಿಂಗೋ ಕ್ಲೋಸ್ಡ್ ಮೀಟಿಂಗೋ ಎಂದು ಕೇಳಿಕೊಳ್ಳಿ: ಓಪನ್ ಮೀಟಿಂಗಿಗೆ ಮನೆಯವರೂ ಜೊತೆಗೆ ಹೋಗಬಹುದು, ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ.

ವಿಳಾಸ ಜೇಬಿನಲ್ಲಿದ್ದರೂ ಜನ ಹೋಗುವುದಿಲ್ಲ. ಯಾರಾದರೂ ನೋಡಿದರೆ ಏನು ಗತಿ ಎಂಬ ನಾಚಿಕೆ ಅವರನ್ನು ಬಾಗಿಲಿನ ಹೊರಗೇ ನಿಲ್ಲಿಸುತ್ತದೆ. ಹೆಂಗಸರಿಗಂತೂ ಈ ನಾಚಿಕೆ ಇಮ್ಮಡಿ, ಏಕೆಂದರೆ ಕುಡಿಯುವ ಗಂಡಸನ್ನು ಕ್ಷಮಿಸುವ ಮನೆಯೇ ಕುಡಿಯುವ ಹೆಂಗಸನ್ನು ಕ್ಷಮಿಸುವುದಿಲ್ಲ. ಒಳಗೆ ನಡೆಯುವುದು ಗೊತ್ತಿದ್ದರೆ ಈ ಭಯ ಸ್ವಲ್ಪವಾದರೂ ಕರಗುತ್ತದೆ. ಚರ್ಚಿನದೋ ಶಾಲೆಯದೋ ಒಂದು ಕೋಣೆ, ಕೆಲವು ಪ್ಲಾಸ್ಟಿಕ್ ಕುರ್ಚಿ, ಚಹಾ. ಹಾಜರಿ ಪುಸ್ತಕ ಇರುವುದಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಫೀಸು ಇಲ್ಲ. ಒಬ್ಬರು ಎದ್ದು, ತಮ್ಮ ಹೆಸರು ಹೇಳಿ, "ನಾನೊಬ್ಬ ಆಲ್ಕೊಹಾಲಿಕ್" ಎಂದು ಮಾತು ಶುರುಮಾಡುತ್ತಾರೆ. ಉಳಿದವರು ನಡುವೆ ಬಾಯಿ ಹಾಕದೆ ಕೇಳುತ್ತಾರೆ. ಹೊಸಬರು ಏನೂ ಮಾತನಾಡದೆ ಕೂತು ಬರಬಹುದು. ಕೊನೆಗೆ ತಟ್ಟೆಯೋ ಚೀಲವೋ ಸುತ್ತು ಬರುತ್ತದೆ. ಹೊರಗಿನವರ ದುಡ್ಡು ಪಡೆಯುವುದಿಲ್ಲ ಎಂಬ ನಿಯಮ ಇರುವುದರಿಂದ ಸದಸ್ಯರೇ ಕೈಲಾದದ್ದನ್ನು ಹಾಕುತ್ತಾರೆ, ಹೊಸಬರು ಹಾಕದಿದ್ದರೂ ನಡೆಯುತ್ತದೆ. ಸದಸ್ಯನಾಗಲು ಬೇಕಾದದ್ದು ಕುಡಿತ ನಿಲ್ಲಿಸಬೇಕೆಂಬ ಆಸೆ, ಅಷ್ಟೇ. ದೇವರ ಮಾತು ಬರುತ್ತದೆ ಎಂದು ಹಿಂಜರಿಯುವವರಿದ್ದಾರೆ. ಕುಡಿತದಿಂದ ಹೊರಬರಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ಆ ಮಾತು ಇರುವುದು ನಿಜ, ಆದರೆ ಅವರವರು ತಿಳಿದಂತೆ ದೇವರು ಎಂದೇ ಅಲ್ಲಿದೆ. ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದುಕೊಂಡವರೂ ಇದ್ದಾರೆ.

ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದನ್ನು ನೋಡಬೇಕು. ಭಾಷೆ, ವಯಸ್ಸು, ದೂರ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಇದರಿಂದ ಪ್ರಯೋಜನವಿದೆಯೇ ಎಂದು ಕೇಳುವವರಿಗೆ ಆಧಾರವೂ ಇದೆ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ, 2020ರಲ್ಲಿ ಪ್ರಕಟವಾದ ಸಮೀಕ್ಷೆ 27 ಅಧ್ಯಯನಗಳನ್ನು ಪರಿಶೀಲಿಸಿ, ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ, ವ್ಯವಸ್ಥಿತವಾಗಿ ಎ.ಎ.ಗೆ ಜೋಡಿಸುವ ಚಿಕಿತ್ಸೆಯು ಇತರ ಮನೋಚಿಕಿತ್ಸೆಗಳಿಗಿಂತ ಹೆಚ್ಚು ಫಲ ನೀಡಿತೆಂದು ಕಂಡುಕೊಂಡಿತು. ಬಿಟ್ಟವರು ಮತ್ತೆ ಕುಡಿದರೆ ಮನೆಯವರು ಹಳೆಯದನ್ನೆಲ್ಲ ಎತ್ತಿ ಆಡದೆ, ಮುಂದಿನ ಮೀಟಿಂಗ್ ಯಾವಾಗ ಎಂದು ಕೇಳಲಿ. ಗುಂಪಿನಲ್ಲಿ ಅವರ ಜಾಗ ಹೋಗಿರುವುದಿಲ್ಲ.

ಇನ್ನು ಹೆಂಡತಿ, ತಾಯಿ, ಮಕ್ಕಳ ವಿಷಯ. ಕುಡಿಯುವವರ ಮನೆಯವರಿಗಾಗಿ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘಟನೆ ಇದೆ. ತಮ್ಮವರು ಬರಲಾರೆ ಎಂದರೂ, ಇನ್ನೂ ಕುಡಿಯುತ್ತಲೇ ಇದ್ದರೂ, ಅವರ ಒಪ್ಪಿಗೆಗೆ ಕಾಯದೆ ಮನೆಯವರು ಆ ಮೀಟಿಂಗಿಗೆ ಹೋಗಬಹುದು.